‘ದಿ ಲಾಸ್ಟ್ ಬಾಯ್ಸ್’: ಒಂದೇ ಚಿತ್ರವನ್ನು ಮೂರು ಸಲ ನೋಡುವ ಬಗೆ

ಜೋಯೆಲ್ ಶೂಮಾಕರ್ ನಿರ್ದೇಶಿಸಿದ ‘ದಿ ಲಾಸ್ಟ್ ಬಾಯ್ಸ್’ 1987ರ ಜುಲೈ 31ರಂದು ಅಮೆರಿಕದಲ್ಲಿ ತೆರೆಕಂಡಿತು. ಸುಮಾರು 85 ಲಕ್ಷ ಡಾಲರ್ ವೆಚ್ಚದಲ್ಲಿ ತಯಾರಾದ ಈ ವ್ಯಾಂಪೈರ್ ಚಿತ್ರ ಆ ದೇಶದಲ್ಲಿ ಸುಮಾರು 3 ಕೋಟಿ 20 ಲಕ್ಷ ಡಾಲರ್ ಗಳಿಸಿತು. ಅದು ಗೆಲುವೇ ಹೌದು, ಆದರೆ ಆ ವರ್ಷದ ಅತಿ ದೊಡ್ಡ ಗೆಲುವುಗಳ ಸಾಲಿಗೆ ಸೇರುವಂಥದ್ದಲ್ಲ. ಅದಕ್ಕಿಂತ ಹೆಚ್ಚು ಹಣ ಮಾಡಿದ ಎಷ್ಟೋ ಚಿತ್ರಗಳ ಹೆಸರು ಇಂದು ಯಾರ ಬಾಯಲ್ಲೂ ಬರುವುದಿಲ್ಲ. ಇದನ್ನು ಮಾತ್ರ, ಅದು ಬಂದಾಗ ಇನ್ನೂ ಹುಟ್ಟಿಯೇ ಇರದಿದ್ದ ಹುಡುಗ ಹುಡುಗಿಯರು ಹುಡುಕಿಕೊಂಡು ಹೋಗಿ ನೋಡುತ್ತಾರೆ. ಏಕೆಂದು ಕೇಳಿದರೆ ಚರ್ಮದ ಜಾಕೆಟ್ಟು, ಮೋಟಾರ್ ಸೈಕಲ್ಲು, ಹಾಡುಗಳು, ಕೀಫರ್ ಸದರ್ಲೆಂಡ್ ಅವರ ಬಿಳಿಚಿದ ಕೂದಲು ಎಂದು ಬೆರಳು ಮಡಚಿ ಹೇಳುತ್ತಾರೆ. ಅವರು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅಷ್ಟಕ್ಕೇ ನಿಂತುಬಿಟ್ಟರೆ ಹಳೆಯ ಕಾಲದ ಫ್ಯಾಷನ್ನಿನ ಆಲ್ಬಂ ತಿರುವಿ ಹಾಕಿದ ಸುಖವಷ್ಟೇ ಸಿಗುತ್ತದೆ, ಚಿತ್ರ ಕೈಗೆ ಸಿಗುವುದಿಲ್ಲ.

ಈ ಚಿತ್ರ ಇಷ್ಟು ಕಾಲ ಬಾಳಿದ್ದು ಅದು ಒಂದು ಮನೆಯ ಕಥೆಯಾಗಿರುವುದರಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಂಡನಿಂದ ಬೇರ್ಪಟ್ಟ ತಾಯಿಯೊಬ್ಬಳು ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಅರಿಜೋನಾದ ಫೀನಿಕ್ಸ್ ನಗರದಿಂದ ಕ್ಯಾಲಿಫೋರ್ನಿಯಾದ ಕಡಲತೀರದ ಊರಿಗೆ, ತನ್ನ ಮುದಿ ತಂದೆಯ ಮನೆಗೆ ಬರುತ್ತಾಳೆ. ಆ ಊರಿನಲ್ಲಿ ಇನ್ನೊಂದು ‘ಕುಟುಂಬ’ವಿದೆ, ಅದರ ಕಣ್ಣು ಈ ಮಕ್ಕಳ ಮೇಲೆ ಬೀಳುತ್ತದೆ. ಒಂದೇ ಸೂರಿನಡಿಯಲ್ಲಿ ಆಗ ಮೂರು ಬೇರೆ ಬೇರೆ ಚಿತ್ರಗಳು ನಡೆಯತೊಡಗುತ್ತವೆ: ಕಿರಿಯವನು ಸಾಹಸದ ಚಿತ್ರವೊಂದರಲ್ಲಿದ್ದಾನೆ, ಹಿರಿಯವನು ಮೋಹದ ಚಿತ್ರವೊಂದರಲ್ಲಿ, ತಾಯಿಯಾದರೋ ಬದುಕನ್ನು ಮತ್ತೆ ಕಟ್ಟಿಕೊಳ್ಳುವ ಹೆಣ್ಣಿನ ಚಿತ್ರವೊಂದರಲ್ಲಿ. ಆದ್ದರಿಂದ ಇದನ್ನು ಮೂರು ಸಲ, ಪ್ರತಿ ಸಲವೂ ಒಬ್ಬರ ಬೆನ್ನು ಹಿಡಿದು ನೋಡಬೇಕು. ಅದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ನೋಡುವ ಮೊದಲು

ಚಿತ್ರದ ಅವಧಿ 97 ನಿಮಿಷ. ಅದನ್ನು ಕತ್ತಲಾದ ಮೇಲೆ, ಮಧ್ಯೆ ಏಳದೆ, ಒಂದೇ ಸಲಕ್ಕೆ ನೋಡಿ ಮುಗಿಸಿ. ಛಾಯಾಗ್ರಾಹಕ ಮೈಕಲ್ ಚಾಪ್‌ಮನ್ ‘ಟ್ಯಾಕ್ಸಿ ಡ್ರೈವರ್’ ಮತ್ತು ‘ರೇಜಿಂಗ್ ಬುಲ್’ ಚಿತ್ರಗಳನ್ನು ಸೆರೆಹಿಡಿದ ಕೈಯವರು. ಕಡಲ ಮೇಲಿನ ಮಂಜು, ಗುಹೆಯೊಳಗಿನ ಉರಿವ ಬೆಳಕು, ಜಾತ್ರೆಯ ಬಣ್ಣದ ದೀಪಗಳು ಇವೆಲ್ಲವನ್ನೂ ಅವರು ಕಪ್ಪಿನ ಹಿನ್ನೆಲೆಯಲ್ಲಿಯೇ ಕೂರಿಸಿದ್ದಾರೆ. ಹಗಲು ಹೊತ್ತಿನಲ್ಲಿ ಕಿಟಕಿಯ ಬೆಳಕು ಟಿವಿಯ ಮೇಲೆ ಬಿದ್ದರೆ ಅರ್ಧ ಚಿತ್ರ ಕಪ್ಪು ಮುದ್ದೆಯಾಗಿ ಕಾಣುತ್ತದೆ. ಚಿತ್ರದ ಚೌಕಟ್ಟು ಎತ್ತರಕ್ಕಿಂತ ಹೆಚ್ಚುಕಡಿಮೆ 2.4 ಪಟ್ಟು ಅಗಲವಾಗಿದೆ, ಆದ್ದರಿಂದ ಟಿವಿಯ ಮೇಲೆ ಕೆಳಗೆ ಕಪ್ಪು ಪಟ್ಟಿಗಳು ಕಂಡರೆ ಅದು ದೋಷವಲ್ಲ. ಪಟ್ಟಿ ಹೋಗಲೆಂದು ಝೂಮ್ ಮಾಡಿದರೆ ಗುಂಪಿನ ಒಬ್ಬಿಬ್ಬರು ಚೌಕಟ್ಟಿನಿಂದ ಹೊರಗೆ ಬೀಳುತ್ತಾರೆ. ಈ ಚಿತ್ರದಲ್ಲಿ ಯಾರು ಗುಂಪಿನ ಒಳಗೆ, ಯಾರು ಹೊರಗೆ ಎಂಬುದೇ ಮುಖ್ಯವಾದ್ದರಿಂದ ಆ ನಷ್ಟ ಸಣ್ಣದಲ್ಲ. ಈಗಿನ ಟಿವಿಗಳಲ್ಲಿ ಚಲನೆಯನ್ನು ನಯಗೊಳಿಸುವ ಸೌಲಭ್ಯವೊಂದಿರುತ್ತದೆ, ಅದನ್ನೂ ಆರಿಸಿಬಿಡಿ.

ಧ್ವನಿಯ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಟಿವಿಯ ಸ್ಪೀಕರ್ ಸಣ್ಣದಾಗಿದ್ದರೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಥಾಮಸ್ ನ್ಯೂಮನ್ ಅವರ ಹಿನ್ನೆಲೆ ಸಂಗೀತದಲ್ಲಿ ಜಾತ್ರೆಯ ಆರ್ಗನ್ನಿನ ನಾದವೂ ಚರ್ಚಿನ ಆರ್ಗನ್ನಿನ ನಾದವೂ ಒಂದಕ್ಕೊಂದು ಬೆರೆತು ಬರುತ್ತವೆ. ಗೆರಾರ್ಡ್ ಮೆಕ್‌ಮ್ಯಾನ್ ಹಾಡಿದ ‘ಕ್ರೈ ಲಿಟ್ಲ್ ಸಿಸ್ಟರ್’ ಹಾಡಿನಲ್ಲಿ ಹಿಂದಿನಿಂದ ಮಕ್ಕಳ ಮೇಳವೊಂದು ಬೈಬಲ್ಲಿನ ದಶಾಜ್ಞೆಗಳ ಧಾಟಿಯಲ್ಲಿ ಇದನ್ನು ಮಾಡಬಾರದು, ಅದನ್ನು ಮಾಡಬಾರದು ಎಂದು ಆಣತಿ ಕೊಡುತ್ತದೆ. ಮಾಡಬಾರದ್ದನ್ನು ಮಾಡಲು ಹೊರಟ ಹುಡುಗರ ಕಥೆಗೆ ಇದಕ್ಕಿಂತ ತಕ್ಕ ಹಾಡು ಇರಲಾರದು. ಆ ಮೇಳ ನಿಮ್ಮ ಕಿವಿಗೆ ಸ್ಪಷ್ಟವಾಗಿ ಬೀಳದಿದ್ದರೆ ಹಾಡಿನ ಅರ್ಧ ಅರ್ಥವೇ ಹೋದಂತೆ.

ಮನೆಮಂದಿಯೊಂದಿಗೆ ನೋಡುವವರು ಒಂದು ವಿಷಯ ತಿಳಿದಿರಬೇಕು. ಅಮೆರಿಕದಲ್ಲಿ ಇದಕ್ಕೆ ‘ಆರ್’ ಶ್ರೇಣಿ ಸಿಕ್ಕಿತ್ತು, ಎಂದರೆ 17 ವರ್ಷ ತುಂಬದವರು ಹಿರಿಯರ ಜೊತೆಯಲ್ಲಷ್ಟೇ ನೋಡಬಹುದಾಗಿತ್ತು. ಕಡಲತೀರದಲ್ಲಿ ಬೆಂಕಿ ಹಾಕಿ ಕುಳಿತವರ ಮೇಲೆ ನಡೆಯುವ ದಾಳಿ ನಿಜವಾಗಿಯೂ ರಕ್ತಮಯವಾಗಿದೆ, ಕೊನೆಯ ಕಾಲು ಗಂಟೆಯೂ ಹಾಗೆಯೇ. ಹತ್ತು ಹನ್ನೆರಡು ವರ್ಷದ ಮಕ್ಕಳನ್ನು ‘ಹುಡುಗರ ಚಿತ್ರ’ ಎಂಬ ನಂಬಿಕೆಯಿಂದ ಕೂರಿಸಬೇಡಿ. ಹದಿನೈದು ಹದಿನಾರರವರಿಗೆ, ದೊಡ್ಡವರೊಬ್ಬರು ಪಕ್ಕದಲ್ಲಿ ಕುಳಿತು ತೋರಿಸಬಹುದು; ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಒಟ್ಟಿಗೆ ಕುಳಿತು ನೋಡುವುದಾದರೆ ಅದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. 2008 ಮತ್ತು 2010ರಲ್ಲಿ ನೇರವಾಗಿ ಡಿವಿಡಿಗೆ ಬಂದ ಎರಡು ಮುಂದುವರಿದ ಭಾಗಗಳಿವೆ. ಅವುಗಳಿಂದ ಆರಂಭಿಸಬೇಡಿ, ಮೂಲವನ್ನು ಪ್ರೀತಿಸಿದ ಮೇಲೆ ಕುತೂಹಲಕ್ಕೆ ನೋಡಿದರೆ ಸಾಕು.

ಮೊದಲ ಸಲ: ತಮ್ಮನ ಬೆನ್ನು ಹಿಡಿದು

ಮೊದಲ ವೀಕ್ಷಣೆಯಲ್ಲಿ ಏನನ್ನೂ ಬಿಡಿಸಿ ನೋಡಲು ಹೋಗಬೇಡಿ. ಕೋರಿ ಹೇಮ್ ನಟಿಸಿರುವ ಸ್ಯಾಮ್ ಎಲ್ಲಿ ಹೋಗುತ್ತಾನೋ ಅಲ್ಲಿಗೆ ಹೋಗಿ, ಅವನಿಗೆ ನಗು ಬಂದಾಗ ನಕ್ಕು, ಅವನಿಗೆ ಭಯವಾದಾಗ ಹೆದರಿದರೆ ಸಾಕು. ಅವನು ಕಾಮಿಕ್ಸ್ ಅಂಗಡಿಗೆ ಹೋಗಿ ಸೂಪರ್‌ಮ್ಯಾನ್ ಸಂಚಿಕೆಗಳನ್ನು ತಪ್ಪು ಸಾಲಿನಲ್ಲಿ ಇಟ್ಟಿದ್ದೀರಿ ಎಂದು ತಿದ್ದುತ್ತಾನೆ; ಅಂಗಡಿಯ ಇಬ್ಬರು ಹುಡುಗರು, ಫ್ರಾಗ್ ಸಹೋದರರು, ಅವನ ಕೈಗೆ ವ್ಯಾಂಪೈರ್ ಕಾಮಿಕ್ಸ್ ಪುಸ್ತಕವೊಂದನ್ನು ಕೊಟ್ಟು ಇದು ಬದುಕುಳಿಯುವ ಕೈಪಿಡಿ ಎಂದು ಗಂಭೀರವಾಗಿ ಹೇಳುತ್ತಾರೆ. ಆ ಇಬ್ಬರ ಹೆಸರು ಎಡ್ಗರ್ ಮತ್ತು ಅಲನ್. ಅಮೆರಿಕದ ಭಯಾನಕ ಸಾಹಿತ್ಯದ ಹಿರಿಯ ಎಡ್ಗರ್ ಅಲನ್ ಪೋ ಅವರ ಹೆಸರನ್ನು ಎರಡು ಪಾಲು ಮಾಡಿ ಹಂಚಿದ್ದಾರೆ. ಕೋರಿ ಫೆಲ್ಡ್‌ಮನ್ ಮತ್ತು ಜೇಮಿಸನ್ ನ್ಯೂಲ್ಯಾಂಡರ್ ಈ ಪಾತ್ರಗಳನ್ನು ನಗೆ ಬರಿಸಬೇಕೆಂದು ನಟಿಸಿಲ್ಲ. ಯುದ್ಧದಿಂದ ಮರಳಿದ ಸೈನಿಕರಂತೆ ಒಡಕು ದನಿಯಲ್ಲಿ, ರೆಪ್ಪೆ ಮಿಟುಕಿಸದೆ ಮಾತಾಡುತ್ತಾರೆ. ಹದಿಮೂರರ ಹುಡುಗ ತನ್ನನ್ನು ತಾನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾನೋ ಅಷ್ಟೇ ಗಂಭೀರವಾಗಿ ಚಿತ್ರವೂ ಅವನನ್ನು ತೆಗೆದುಕೊಳ್ಳುತ್ತದೆ.

ಚಿತ್ರ ಭಯವನ್ನು ಹೇಗೆ ಕಟ್ಟುತ್ತದೆ ಎಂಬುದನ್ನು ಮಾತ್ರ ಗಮನದಲ್ಲಿಡಿ. ಆರಂಭದಲ್ಲಿ ಕ್ಯಾಮೆರಾ ರಾತ್ರಿಯ ಕಡಲ ಮೇಲೆ ಹಾರಿಕೊಂಡು ಬಂದು ದೀಪಗಳಿಂದ ಝಗಝಗಿಸುವ ತೀರವನ್ನು ತಲುಪುತ್ತದೆ. ಹಾರುತ್ತಿರುವವರು ಯಾರೆಂದು ನಮಗೆ ಕಾಣುವುದಿಲ್ಲ, ಏಕೆಂದರೆ ನಾವು ಅವರ ಕಣ್ಣಿನೊಳಗಿದ್ದೇವೆ. ಆಮೇಲೆ ಕಾವಲುಗಾರನೊಬ್ಬ ತಲೆಯೆತ್ತಿ ನೋಡಿ ಕಿರುಚುತ್ತಾನೆ, ಆಕಾಶಕ್ಕೆ ಸೆಳೆದುಕೊಂಡು ಹೋಗುತ್ತಾನೆ; ಸೆಳೆದವರು ಆಗಲೂ ಕಾಣುವುದಿಲ್ಲ. ಚಿತ್ರ ಅರ್ಧದ ಆಸುಪಾಸಿಗೆ ಬರುವವರೆಗೆ ಶೂಮಾಕರ್ ವ್ಯಾಂಪೈರ್ ಮುಖವನ್ನು ನಮಗೆ ಪೂರ್ತಿಯಾಗಿ ತೋರಿಸುವುದಿಲ್ಲ. ಇದರಿಂದ ದುಡ್ಡೂ ಉಳಿಯಿತು, ಹೆದರಿಕೆಯೂ ಹೆಚ್ಚಿತು. ಗ್ರೆಗ್ ಕ್ಯಾನಮ್ ಅವರ ಮೇಕಪ್ಪು ಕೊನೆಗೂ ಎದುರಾದಾಗ ಅಲ್ಲಿ ಇರುವುದು ಮುದಿ ದೈತ್ಯನ ಮುಖವಲ್ಲ. ಹುಬ್ಬಿನ ಎಲುಬು, ಕೆನ್ನೆಯ ಎಲುಬು ಸ್ವಲ್ಪ ಉಬ್ಬಿ, ಕಣ್ಣು ಬಣ್ಣಗೆಟ್ಟ, ಚೆಲುವು ಇನ್ನೂ ಪೂರ್ತಿ ಅಳಿಯದ ಹುಡುಗರ ಮುಖ. ಚೆಲುವನ್ನು ಅಳಿಸದೆ ಬಿಟ್ಟದ್ದು ಬಹಳ ಮುಖ್ಯವಾದ ತೀರ್ಮಾನ, ಅದರ ಬೆಲೆ ಎರಡನೆಯ ಸಲ ನೋಡುವಾಗ ತಿಳಿಯುತ್ತದೆ.

ಚಿತ್ರವನ್ನು ಒಮ್ಮೆಯೂ ನೋಡಿರದವರು ಇಲ್ಲಿಗೇ ಓದು ನಿಲ್ಲಿಸಿ, ನೋಡಿದ ಮೇಲೆ ಮುಂದಕ್ಕೆ ಬನ್ನಿ. ಮುಂದಿನ ಭಾಗದಲ್ಲಿ ಕಥೆಯ ಗುಟ್ಟುಗಳನ್ನು ಬಿಚ್ಚಿಡದೆ ಹೇಳುವಂತಿಲ್ಲ.

ಎರಡನೆಯ ಸಲ: ಅಣ್ಣನ ಜೊತೆ

ಕೆಲವು ದಿನ, ಸಾಧ್ಯವಾದರೆ ಕೆಲವು ವಾರ, ಬಿಟ್ಟು ಮತ್ತೆ ನೋಡಿ. ಈ ಸಲ ಜೇಸನ್ ಪ್ಯಾಟ್ರಿಕ್ ನಟಿಸಿರುವ ಮೈಕಲ್‌ನ ಮುಖದಿಂದ ಕಣ್ಣು ತೆಗೆಯಬೇಡಿ. ಮೊದಲ ಸಲ ಅವನು ಮಂಕಾಗಿ, ಮಾತು ಕಡಿಮೆಯವನಾಗಿ ಕಂಡಿರಬಹುದು. ತಮ್ಮನ ಕಣ್ಣಿಗೆ ಅಣ್ಣ ಕಾಣುವುದೇ ಹಾಗೆ.

ಅವನನ್ನು ಸೆಳೆಯುವ ದಾರಿ ಹೆಜ್ಜೆ ಹೆಜ್ಜೆಯಾಗಿ ಹಾಕಿದ್ದು. ಕಡಲತೀರದ ಸಂಗೀತ ಕಛೇರಿಯಲ್ಲಿ, ಟಿಮ್ ಕಪೆಲ್ಲೊ ಮೈಗೆಲ್ಲ ಎಣ್ಣೆ ಸವರಿಕೊಂಡು ಸ್ಯಾಕ್ಸೊಫೋನ್ ನುಡಿಸುತ್ತ ಹಾಡುವಾಗ, ಗುಂಪಿನ ನಡುವೆ ಮೈಕಲ್ ಸ್ಟಾರ್ ಎಂಬ ಹುಡುಗಿಯನ್ನು ನೋಡುತ್ತಾನೆ. ಆ ಹುಡುಗಿಯ ಹಿಂದೆ ಹೋಗಿ, ಕೀಫರ್ ಸದರ್ಲೆಂಡ್ ನಟಿಸಿರುವ ಡೇವಿಡ್‌ನ ಗುಂಪಿಗೆ ಎದುರಾಗುತ್ತಾನೆ. ಆಮೇಲೆ ಮರಳಿನ ಮೇಲೆ ಮೋಟಾರ್ ಸೈಕಲ್ ಓಟ, ಬಂಡೆಯ ಅಂಚಿಗೆ ಒಂದೇ ಅಡಿ ಉಳಿದಾಗ ಬ್ರೇಕು, ಡೇವಿಡ್‌ಗೆ ಬಿದ್ದ ಗುದ್ದು, ಆ ಗುದ್ದಿಗೆ ಪ್ರತಿಯಾಗಿ ಸಿಕ್ಕ ನಗು. ಇಲ್ಲಿಂದ ಮುಂದೆ ಸ್ಟಾರ್ ನೆಪಮಾತ್ರವಾಗುತ್ತಾಳೆ. ಮೈಕಲ್‌ನನ್ನು ಎಳೆಯುತ್ತಿರುವುದು ಡೇವಿಡ್. ಸದರ್ಲೆಂಡ್ ಅವರಿಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು, ಮಾತುಗಳೂ ಹೆಚ್ಚಿಲ್ಲ. ಅವರು ದನಿಯನ್ನು ತಗ್ಗಿಸುತ್ತಲೇ ಹೋಗುತ್ತಾರೆ, ಕೇಳಿಸಿಕೊಳ್ಳಬೇಕಾದರೆ ಎದುರಿನವನು ಹತ್ತಿರ ಬರಲೇಬೇಕಾಗುತ್ತದೆ.

ಗುಹೆಯ ದೃಶ್ಯವನ್ನು ಬೇಕಾದರೆ ಎರಡು ಸಲ ಹಿಂದಕ್ಕೆ ಹಾಕಿ ನೋಡಿ. ಚಿತ್ರದ ಸೆಟ್‌ಗಳ ವಿನ್ಯಾಸಕ ಬೋ ವೆಲ್ಚ್ ಕಟ್ಟಿದ ಈ ಗುಹೆ, ಕಥೆಯ ಪ್ರಕಾರ, 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದಲ್ಲಿ ನೆಲದೊಳಕ್ಕೆ ಕುಸಿದುಹೋದ ಐಷಾರಾಮಿ ಹೋಟೆಲು. ಒಂದು ಕಡೆ ಒಣಗಿದ ಕಾರಂಜಿ, ಇನ್ನೊಂದು ಕಡೆ 1971ರಲ್ಲಿ ತೀರಿಕೊಂಡ ಗಾಯಕ ಜಿಮ್ ಮಾರಿಸನ್ ಅವರ ದೊಡ್ಡ ಚಿತ್ರಪಟ. ಅಪ್ಪ ಅಮ್ಮ ಇಲ್ಲದ, ಯಾರೂ ಗುಡಿಸು ಒರೆಸು ಎನ್ನದ, ಹದಿಹರೆಯದವನೊಬ್ಬ ಕನಸಿನಲ್ಲಿ ಕಟ್ಟಿಕೊಳ್ಳಬಹುದಾದ ಮನೆ ಅದು. ಅಲ್ಲಿ ಊಟ ಬರುತ್ತದೆ; ಡೇವಿಡ್ ಕೈಗಿತ್ತ ಅನ್ನ ಮೈಕಲ್‌ನ ಕಣ್ಣಿಗೆ ಹುಳುಗಳಾಗಿ ಕಾಣುತ್ತದೆ, ಮತ್ತೆ ನೋಡಿದರೆ ಅನ್ನವೇ. ಎಲ್ಲರೂ ನಗುತ್ತಾರೆ. ನೂಡಲ್ಸ್ ಎರೆಹುಳುಗಳಾಗುತ್ತವೆ, ಮತ್ತೆ ನೂಡಲ್ಸೇ ಆಗುತ್ತವೆ, ಮತ್ತೆ ನಗು. ಆಮೇಲೆ ಬಾಟಲಿ ಬರುತ್ತದೆ. ಸ್ಟಾರ್ ಒಬ್ಬಳೇ ಅದು ರಕ್ತ, ಕುಡಿಯಬೇಡ ಎನ್ನುತ್ತಾಳೆ. ಆದರೆ ಎರಡು ಸಲ ಹೆದರಿ ನಗೆಪಾಟಲಾದವನು ಮೂರನೆಯ ಸಲ ಹೆದರಲು ಒಪ್ಪುವುದಿಲ್ಲ. ಕಾಲೇಜು ಹಾಸ್ಟೆಲಿನಲ್ಲಿ ಮೊದಲ ಸಲ ಸಿಗರೇಟನ್ನೋ ಗ್ಲಾಸನ್ನೋ ಕೈಗೆ ಹಿಡಿಸಿಕೊಂಡವರಿಗೆ ಈ ನಗುವಿನ ಕೆಲಸ ಗೊತ್ತಿದೆ. ಗುಂಪು ಹೇಗೆ ಒಬ್ಬನನ್ನು ಒಳಗೆ ಎಳೆದುಕೊಳ್ಳುತ್ತದೆ ಎಂಬುದನ್ನು ಇಷ್ಟು ಕಡಿಮೆ ಸಮಯದಲ್ಲಿ, ಇಷ್ಟು ನಿಖರವಾಗಿ ತೋರಿಸಿದ ದೃಶ್ಯ ಹದಿಹರೆಯದ ಚಿತ್ರಗಳಲ್ಲಿ ವಿರಳ.

ಅದರ ಬೆನ್ನಿಗೇ ರೈಲು ಸೇತುವೆಯ ದೃಶ್ಯವಿದೆ. ಹುಡುಗರು ಸೇತುವೆಯ ಕೆಳಗಿನ ಕಂಬಿಗೆ ಜೋತುಬೀಳುತ್ತಾರೆ, ಮೇಲೆ ರೈಲು ಹಾದುಹೋಗುತ್ತದೆ, ಒಬ್ಬೊಬ್ಬರಾಗಿ ಕೈಬಿಟ್ಟು ಕೆಳಗಿನ ಮಂಜಿನೊಳಗೆ ಮಾಯವಾಗುತ್ತಾರೆ. ಮಂಜಿನೊಳಗಿಂದ ಮೈಕಲ್‌ನ ಹೆಸರು ಹಿಡಿದು ಕೂಗುತ್ತಾರೆ. ಅವನು ಕೈಬಿಡುತ್ತಾನೆ, ಮುಂದಿನ ಚೌಕಟ್ಟಿನಲ್ಲಿ ತನ್ನದೇ ಹಾಸಿಗೆಯ ಮೇಲೆ, ಹಗಲಿನಲ್ಲಿ, ಬೆಳಕು ತಾಳಲಾರದೆ ಎದ್ದೇಳುತ್ತಾನೆ. ಈ ಎರಡು ಚೌಕಟ್ಟುಗಳ ನಡುವಿನ ಕತ್ತರಿಯನ್ನು ಗಮನಿಸಿ. ಬೀಳುವುದನ್ನು ತೋರಿಸುತ್ತಾರೆ, ನೆಲ ತಾಕುವುದನ್ನು ತೋರಿಸುವುದಿಲ್ಲ.

ಇಲ್ಲಿಂದ ಚಿತ್ರದ ಹೃದಯಭಾಗ ಮನೆಯೊಳಗೆ ನಡೆಯುತ್ತದೆ. ಸ್ಯಾಮ್ ಬಚ್ಚಲ ತೊಟ್ಟಿಯಲ್ಲಿ ಕುಳಿತು ಹಾಡಿಕೊಳ್ಳುತ್ತಿರುವಾಗ ಅಣ್ಣ ಮೆಟ್ಟಿಲು ಹತ್ತಿಬರುತ್ತಾನೆ, ಅವನೊಳಗೆ ಹಸಿವು ಎದ್ದಿದೆ. ತಡೆಯುವುದು ಮನೆಯ ನಾಯಿ, ನಾನೂಕ್. ಅಣ್ಣನ ಪ್ರತಿಬಿಂಬ ಕನ್ನಡಿಯಲ್ಲಿ ಅರೆಪಾರದರ್ಶಕವಾಗಿದೆ ಎಂದು ಕಂಡಾಗ ಸ್ಯಾಮ್ ಬೆದರಿ ಹೇಳುವ ಮಾತು, ಅಮ್ಮನಿಗೆ ಗೊತ್ತಾಗಲಿ ತಾಳು ಎಂಬ ಅರ್ಥದ್ದು. ಪ್ರೇಕ್ಷಕರು ಇಲ್ಲಿ ನಗುತ್ತಾರೆ, ನಗಲಿ. ಆದರೆ ಮನೆಯಲ್ಲಿ ತಮ್ಮನಾಗಿ ಬೆಳೆದವರು ಆ ಮಾತಿನ ಸತ್ಯವನ್ನು ಬಲ್ಲರು: ಎಂಥ ಕೇಡು ಎದುರಾದರೂ ಮಗುವಿನ ಕೈಯಲ್ಲಿರುವ ಕೊನೆಯ ಆಯುಧ ಅಮ್ಮನ ಹೆಸರು. ಸ್ವಲ್ಪ ಹೊತ್ತಿನಲ್ಲೇ ಮೈಕಲ್ ತನ್ನ ಹತೋಟಿ ತಪ್ಪಿ ಗಾಳಿಯಲ್ಲಿ ತೇಲಿ ಕಿಟಕಿಯಿಂದ ಹೊರಗೆ ಹೋಗುತ್ತಾನೆ, ತಮ್ಮನ ಕಿಟಕಿಯ ಬಳಿ ಬಂದು ಒಳಗೆ ಬಿಡು ಎಂದು ಅಂಗಲಾಚುತ್ತಾನೆ. ವ್ಯಾಂಪೈರ್ ಕಥೆಗಳ ಪುರಾತನ ನಿಯಮ ಕಿಟಕಿ ತೆರೆಯಬಾರದು ಎನ್ನುತ್ತದೆ. ಹೊರಗೆ ಇರುವವನು ಅಣ್ಣ. ಸ್ಯಾಮ್ ತೆರೆಯುತ್ತಾನೆ. ನನಗೆ ಇಡೀ ಚಿತ್ರದಲ್ಲಿ ಎಲ್ಲಕ್ಕಿಂತ ಪ್ರಿಯವಾದ ಕ್ಷಣ ಇದೇ, ಮುಂದಿನ ಹೋರಾಟವೆಲ್ಲ ಈ ಒಂದು ಕಿಟಕಿಯಿಂದ ಹುಟ್ಟುತ್ತದೆ.

ಎರಡನೆಯ ವೀಕ್ಷಣೆಯಲ್ಲಿ ಉಡುಪುಗಳನ್ನೂ ನೋಡಿ. ಶೂಮಾಕರ್ ನಿರ್ದೇಶಕರಾಗುವ ಮೊದಲು ವಸ್ತ್ರವಿನ್ಯಾಸಕರಾಗಿದ್ದವರು, ವುಡಿ ಆಲನ್ ಅವರ ಚಿತ್ರಗಳಿಗೂ ಆ ಕೆಲಸ ಮಾಡಿದ್ದರು. ಮೈಕಲ್ ಜಾರುತ್ತ ಹೋದಂತೆ ಅವನ ಬಟ್ಟೆ ಬದಲಾಗುತ್ತದೆ: ಚರ್ಮದ ಜಾಕೆಟ್ಟು, ಕಿವಿಗೆ ಓಲೆ, ಹಗಲಲ್ಲೂ ಕಪ್ಪು ಕನ್ನಡಕ. ಗುಂಪಿನ ನಾಲ್ವರೂ ಒಬ್ಬರಂತೆ ಒಬ್ಬರು ಉಟ್ಟಿಲ್ಲ, ಆದರೂ ದೂರದಿಂದಲೇ ಒಂದೇ ಬಳಗವೆಂದು ತಿಳಿಯುತ್ತದೆ. ಶೂಮಾಕರ್ ತಾವು ಸಲಿಂಗಪ್ರೇಮಿ ಎಂಬುದನ್ನು ಬಚ್ಚಿಟ್ಟವರಲ್ಲ. ಮೈಕಲ್ ಮತ್ತು ಡೇವಿಡ್ ನಡುವಿನ ಸೆಳೆತದಲ್ಲಿ ಅನೇಕ ವೀಕ್ಷಕರು ತಮ್ಮ ಹದಿಹರೆಯದ ಹೇಳಲಾಗದ ಭಾವಗಳನ್ನು ಗುರುತಿಸಿಕೊಂಡಿದ್ದಾರೆ, ಚಿತ್ರದ ಬಾಳಿಕೆಗೆ ಅದೂ ಒಂದು ಗಟ್ಟಿಯಾದ ಕಾರಣ. ರಕ್ತದ ಮೂಲಕ ಹರಡುವ ಕೇಡು ಎಂಬ ಕಲ್ಪನೆಗೆ ಏಡ್ಸ್ ರೋಗದ ಭಯ ಆವರಿಸಿದ್ದ ಆ ವರ್ಷಗಳಲ್ಲಿ ಇದ್ದ ತೂಕವೂ ಬೇರೆಯೇ. ಈ ಓದುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿ, ಆದರೆ ಯಾವುದೇ ಒಂದಕ್ಕೆ ಚಿತ್ರವನ್ನು ಕಟ್ಟಿಹಾಕಬೇಡಿ.

ಮೂರನೆಯ ಸಲ: ತಾಯಿಯ ಕಡೆಯಿಂದ

ಲೂಸಿಯ ಪಾತ್ರ ಮಾಡಿದ ಡಯಾನ್ ವೀಸ್ಟ್ ಅದೇ 1987ರಲ್ಲಿ ಪೋಷಕನಟಿಯ ಆಸ್ಕರ್ ಪ್ರಶಸ್ತಿ ಪಡೆದವರು. ಹುಡುಗರ ಚಿತ್ರವೊಂದರ ಅಮ್ಮನ ಪಾತ್ರಕ್ಕೆ ಅಂಥ ನಟಿಯನ್ನು ಕರೆತಂದದ್ದು ಏಕೆ ಎಂಬುದು ಮೂರನೆಯ ಸಲ ಅರ್ಥವಾಗುತ್ತದೆ. ಊರಿಗೆ ಬಂದ ಕೂಡಲೇ ಕೆಲಸ ಹುಡುಕಿ, ದಾರಿ ತಪ್ಪಿದ ಪುಟ್ಟ ಮಗುವೊಂದನ್ನು ಕೈಹಿಡಿದು ಕರೆತರುವ ಈ ಹೆಣ್ಣನ್ನು ವಿಡಿಯೋ ಅಂಗಡಿಯ ಮಾಲೀಕ ಮ್ಯಾಕ್ಸ್ ನೋಡುತ್ತಾನೆ. ಎಡ್ವರ್ಡ್ ಹರ್ಮನ್ ಅವನನ್ನು ದೊಡ್ಡ ಕನ್ನಡಕದ, ಸಭ್ಯ, ಸ್ವಲ್ಪ ಪೆದ್ದನೆನಿಸುವ ಮನುಷ್ಯನನ್ನಾಗಿ ಮಾಡಿದ್ದಾರೆ. ಅವನೇ ಆ ಹುಡುಗರ ಒಡೆಯ, ಎಲ್ಲರನ್ನೂ ವ್ಯಾಂಪೈರ್ ಮಾಡಿದ ಯಜಮಾನ ಎಂಬುದನ್ನು ತಿಳಿದುಕೊಂಡು ನೋಡುವಾಗ ಅವನ ಒಂದೊಂದು ಮಾತಿನ ಅರ್ಥವೂ ಇಬ್ಬಗೆಯಾಗುತ್ತದೆ. ಲೂಸಿಯ ಮನೆಗೆ ಊಟಕ್ಕೆ ಬಂದಾಗ ಅವನು ಹೊಸ್ತಿಲಾಚೆಯೇ ನಿಂತು, ಈ ಮನೆಯ ಗಂಡಸು ನೀನು, ನೀನು ಕರೆಯದೆ ನಾನು ಒಳಗೆ ಬರುವುದಿಲ್ಲ ಎಂಬರ್ಥದ ಮಾತನ್ನು ಮೈಕಲ್‌ಗೆ ಹೇಳುತ್ತಾನೆ. ಮೊದಲ ಸಲ ಅದು ಮರ್ಯಾದೆಯಂತೆ ಕೇಳಿಸಿತ್ತು. ಮೈಕಲ್ ಕರೆದದ್ದರಿಂದಲೇ ಆಮೇಲೆ ಬೆಳ್ಳುಳ್ಳಿ, ಪವಿತ್ರಜಲ, ಕನ್ನಡಿ ಯಾವುದೂ ಅವನ ಮೇಲೆ ನಡೆಯುವುದಿಲ್ಲ. ಹುಡುಗರು ಮಾಡುವ ಪರೀಕ್ಷೆಗಳು ತಮಾಷೆಯಾಗಿ ಸೋಲುವ ಆ ಊಟದ ದೃಶ್ಯದಲ್ಲಿ ನಿಜವಾಗಿ ನಡೆಯುತ್ತಿರುವುದು ಮನೆಯ ಯಜಮಾನಿಕೆಯ ವರ್ಗಾವಣೆ. ಕನ್ನಡದಲ್ಲಿ ಮನೆಯ ಹಿರಿಯನಿಗೂ ವ್ಯಾಂಪೈರ್‌ಗಳ ಒಡೆಯನಿಗೂ ಯಜಮಾನ ಎಂಬ ಒಂದೇ ಪದ ಒಪ್ಪುವುದರಿಂದ ನಮಗೆ ಇದು ಬೇಗ ಹೊಳೆಯುತ್ತದೆ.

ಮ್ಯಾಕ್ಸ್‌ಗೆ ಬೇಕಾಗಿದ್ದು ರಕ್ತವಲ್ಲ, ತನ್ನ ಹುಡುಗರಿಗೆ ಒಬ್ಬ ತಾಯಿ. ಶೀರ್ಷಿಕೆಯ ಮೂಲ ಇಲ್ಲಿಯೇ ಇದೆ. ಜೆ. ಎಂ. ಬ್ಯಾರಿ ಅವರ ಪೀಟರ್ ಪ್ಯಾನ್ ಕಥೆಯಲ್ಲಿ ಎಂದೂ ಬೆಳೆಯದ, ಕಳೆದುಹೋದ ಹುಡುಗರಿಗೆ ತಾಯಾಗಲೆಂದು ವೆಂಡಿಯನ್ನು ಕರೆತರುತ್ತಾರೆ. ರಾತ್ರಿ ಹೊತ್ತಿನಲ್ಲಿ ಹಾರಿ ಬರುವ, ಎಂದಿಗೂ ದೊಡ್ಡವನಾಗದ ಹುಡುಗ ನಿಜಕ್ಕೂ ವ್ಯಾಂಪೈರ್ ಆಗಿದ್ದರೆ ಎಂಬ ಯೋಚನೆಯಿಂದಲೇ ಜ್ಯಾನಿಸ್ ಫಿಶರ್ ಮತ್ತು ಜೇಮ್ಸ್ ಜೆರೆಮಿಯಸ್ ಮೂಲ ಚಿತ್ರಕಥೆ ಹೆಣೆದದ್ದು. ಅವರ ಬರವಣಿಗೆಯಲ್ಲಿ ಎಲ್ಲರೂ ಪುಟ್ಟ ಮಕ್ಕಳಾಗಿದ್ದರು. ಶೂಮಾಕರ್ ಅವರನ್ನು ಹದಿಹರೆಯಕ್ಕೆ ಏರಿಸಿದರು, ಹುಡುಗನಾಗಿದ್ದ ಸ್ಟಾರ್‌ಳನ್ನು ಹುಡುಗಿಯಾಗಿಸಿದರು, ಜೆಫ್ರಿ ಬೋಮ್ ಅವರಿಂದ ಮತ್ತೆ ಬರೆಸಿದರು. ಪುಟ್ಟ ಮಕ್ಕಳ ಕಥೆಯಾಗಿ ಉಳಿದಿದ್ದರೆ ಬೆಳೆಯದಿರುವುದು ಬರೀ ಆಟವಾಗುತ್ತಿತ್ತು. ಹದಿನೇಳರವನ ಮುಂದೆ ಇಟ್ಟಾಗ ಅದು ಆಮಿಷವಾಗುತ್ತದೆ.

ಈ ಸಲ ಹಿನ್ನೆಲೆಯನ್ನೂ ಓದಿ. ಊರಿನ ಗೋಡೆಗಳ ಮೇಲೆ, ಕಂಬಗಳ ಮೇಲೆ ಕಾಣೆಯಾದವರ ಭಿತ್ತಿಪತ್ರಗಳಿವೆ. ಗುಂಪಿನ ಜೊತೆಗಿರುವ ಪುಟ್ಟ ಲ್ಯಾಡಿಯ ಮುಖ ಹಾಲಿನ ಪೊಟ್ಟಣದ ಮೇಲೆ ಅಚ್ಚಾಗಿರುವುದು ಕಾಣುತ್ತದೆ. ಕಾಣೆಯಾದ ಮಕ್ಕಳ ಚಿತ್ರಗಳನ್ನು ಹಾಲಿನ ಪೊಟ್ಟಣಗಳ ಮೇಲೆ ಮುದ್ರಿಸುವ ಪದ್ಧತಿ ಅಮೆರಿಕದಲ್ಲಿ 1984ರ ಸುಮಾರಿಗೆ ಶುರುವಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ತಪ್ಪು ಹೊರಿಸದೆ ವಿಚ್ಛೇದನ ಪಡೆಯಬಹುದಾದ ಕಾನೂನು ಜಾರಿಗೆ ಬಂದದ್ದು 1970ರಲ್ಲಿ, ಚಿತ್ರ ಬರುವ ಹೊತ್ತಿಗೆ ಒಡೆದ ಮನೆಗಳಲ್ಲಿ ಬೆಳೆದ ಒಂದು ತಲೆಮಾರೇ ಇತ್ತು. ಚಿತ್ರ ಇದನ್ನು ಭಾಷಣವಾಗಿ ಹೇಳುವುದಿಲ್ಲ. ಕಾಣೆಯಾದ ಮಕ್ಕಳ ಚಿತ್ರಗಳಿರುವ ಊರಿನಲ್ಲಿ ಮಗನನ್ನು ಕಳೆದುಕೊಳ್ಳುತ್ತಿರುವ ತಾಯಿಯೊಬ್ಬಳನ್ನು ನಿಲ್ಲಿಸುತ್ತದೆ, ಅಷ್ಟೇ.

ಅಜ್ಜನನ್ನು ಮರೆಯಬೇಡಿ. ಬರ್ನಾರ್ಡ್ ಹ್ಯೂಸ್ ನಟಿಸಿರುವ ಈ ಮುದುಕ ಸತ್ತ ಪ್ರಾಣಿಗಳ ತೊಗಲಿಗೆ ಹುಲ್ಲು ತುಂಬಿ ನಿಲ್ಲಿಸುವವನು, ಟಿವಿ ಇಲ್ಲದೆ ಟಿವಿ ಕಾರ್ಯಕ್ರಮಗಳ ಪತ್ರಿಕೆ ಓದುವವನು, ಫ್ರಿಜ್ಜಿನ ಒಂದು ಅಂತಸ್ತನ್ನು ತನಗಾಗಿಯೇ ಕಾದಿಟ್ಟವನು. ಕೊನೆಯ ಮಾತಿನಲ್ಲಿ, ಈ ಊರಿನ ವ್ಯಾಂಪೈರ್‌ಗಳ ಸಂಗತಿ ತನಗೆ ಎಂದಿನಿಂದಲೋ ಗೊತ್ತಿತ್ತೆಂದು ಅವನು ತಿಳಿಸುತ್ತಾನೆ. ಆ ತಿಳಿವಳಿಕೆಯೊಂದಿಗೆ ಆರಂಭದಿಂದ ಅವನನ್ನು ಹಿಂಬಾಲಿಸಿ. ಅವನ ಕೆಲಸದ ಕೋಣೆಯ ಜಿಂಕೆಕೊಂಬುಗಳ ಮೇಲೆಯೇ ಡೇವಿಡ್ ಬೀಳುತ್ತಾನೆ, ಅವನ ಗಾಡಿಯಲ್ಲಿದ್ದ ಬೇಲಿಯ ಕಂಬವೇ ಮ್ಯಾಕ್ಸ್‌ನ ಎದೆಗೆ ಹೋಗುತ್ತದೆ. ಮನೆಯೊಳಗಿನ ಹಳೆಯ ಸಾಮಾನುಗಳೇ ಮನೆಯನ್ನು ಕಾಯುತ್ತವೆ.

ಕೊರತೆಗಳು ಇಲ್ಲದಿಲ್ಲ. ಜೇಮೀ ಗರ್ಟ್ಜ್ ಅವರ ಸ್ಟಾರ್‌ಗೆ ಕಥೆ ಮಾಡಬೇಕಾದಷ್ಟು ನ್ಯಾಯ ಮಾಡಿಲ್ಲ. ಅವಳು ಎಲ್ಲಿಂದ ಬಂದಳು, ಆ ಗುಹೆಯಲ್ಲಿ ಹೇಗೆ ದಿನ ಕಳೆದಳು ಎಂಬುದು ಒಂದು ದೃಶ್ಯಕ್ಕಾದರೂ ತಕ್ಕ ವಿಷಯವಾಗಿತ್ತು. ಕೊನೆಯ ಹೋರಾಟದ ವೇಗದಲ್ಲಿ ಮೈಕಲ್‌ನ ಒಳಗಿನ ಕದನ ಹಿಂದೆ ಸರಿದುಬಿಡುತ್ತದೆ. ಇವನ್ನು ಮುಚ್ಚಿಡುವ ಅಗತ್ಯವಿಲ್ಲ. ಯಾರಿಗಾದರೂ ಚಿತ್ರ ತೋರಿಸುವಾಗ ಮೊದಲೇ ಹೇಳುವುದೂ ಬೇಡ.

ಆ ಊರನ್ನು ಕಣ್ಣಾರೆ ನೋಡುವವರಿಗೆ

ಚಿತ್ರದ ಸಾಂಟಾ ಕಾರ್ಲಾ ಎಂಬುದು ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್. ಊರಿನ ಫಲಕದ ಹಿಂಬದಿಯಲ್ಲಿ ‘ಕೊಲೆಗಳ ರಾಜಧಾನಿ’ ಎಂಬರ್ಥದ ಬರಹ ಕಾಣುತ್ತದಲ್ಲ, ಅದರ ಹಿಂದೆ ನಿಜವಾದ ನೋವಿದೆ: 1970ರಿಂದ 1973ರ ನಡುವೆ ಆ ಪ್ರದೇಶದಲ್ಲಿ ಮೂವರು ಬೇರೆ ಬೇರೆ ಹಂತಕರು ಹಲವರನ್ನು ಕೊಂದಿದ್ದರು. ಇಂದು ಅದು ರಜೆಗೆ ಹೋಗುವ ಊರು. ಸಿಲಿಕಾನ್ ವ್ಯಾಲಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ, ಮತ್ತು ಮಕ್ಕಳ ಮನೆಗೆಂದು ಅಲ್ಲಿಗೆ ಹೋಗುವ ತಂದೆತಾಯಿಯರಿಗೆ, ಸ್ಯಾನ್ ಹೊಸೆಯಿಂದ ಹೆದ್ದಾರಿ 17 ಹಿಡಿದು ಬೆಟ್ಟ ದಾಟಿದರೆ ಸುಮಾರು 50 ಕಿಲೋಮೀಟರು. ದಾರಿ ತಿರುವುಗಳದ್ದು, ವಾರಾಂತ್ಯದಲ್ಲಿ ದಟ್ಟಣೆ ಹೆಚ್ಚು, ಬೇಗ ಹೊರಡಿ.

ಕಡಲತೀರದ ಮನರಂಜನಾ ತಾಣವಾದ ಬೀಚ್ ಬೋರ್ಡ್‌ವಾಕ್ 1907ರಿಂದಲೂ ಅಲ್ಲಿದೆ. ಗುಂಪು ನಡೆದುಬರುವ ಆರಂಭದ ದೃಶ್ಯದ ತಿರುಗುಕುದುರೆ 1911ರ ಲೂಫ್ ಕ್ಯಾರೊಸೆಲ್. ಬಿಳಿಕೆಂಪು ಮರದ ರೋಲರ್ ಕೋಸ್ಟರ್ 1924ರ ಜೈಂಟ್ ಡಿಪ್ಪರ್. ಎರಡಕ್ಕೂ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮಾನ್ಯತೆ ಸಿಕ್ಕಿದ್ದು 1987ರಲ್ಲಿ, ಚಿತ್ರ ಬಂದ ವರ್ಷವೇ. ಕಾಮಿಕ್ಸ್ ಅಂಗಡಿಯ ದೃಶ್ಯಗಳನ್ನು ತೆಗೆದ ಜಾಗವನ್ನು ಹುಡುಕಲು ಹೋಗಬೇಡಿ, ಅದು 1989ರ ಅಕ್ಟೋಬರ್ 17ರ ಲೋಮಾ ಪ್ರಿಯೇಟಾ ಭೂಕಂಪದಲ್ಲಿ ನಾಶವಾಯಿತು. ಭೂಕಂಪದಲ್ಲಿ ಕುಸಿದ ಹೋಟೆಲಿನ ಕಥೆ ಹೇಳಿದ ಚಿತ್ರದೊಳಗೆ ಆ ಅಂಗಡಿ ಈಗ ಉಳಿದುಕೊಂಡಿದೆ. ಚಳಿಗಾಲದಲ್ಲಿ ಸವಾರಿಗಳು ಎಲ್ಲ ದಿನವೂ ನಡೆಯುವುದಿಲ್ಲವಾದ್ದರಿಂದ ವೇಳಾಪಟ್ಟಿ ನೋಡಿಕೊಂಡು ಹೋಗುವುದು ಒಳ್ಳೆಯದು.

ಮಧ್ಯಾಹ್ನ ಸವಾರಿಗಳನ್ನು ಮುಗಿಸಿ, ಸಂಜೆಗೆ ಬೋರ್ಡ್‌ವಾಕಿನ ಪಶ್ಚಿಮಕ್ಕೆ ಸಮುದ್ರದೊಳಕ್ಕೆ ಚಾಚಿರುವ ಮರದ ವಾರ್ಫ್ ಮೇಲೆ ನಡೆದುಕೊಂಡು ಹೋಗಿ. ಬೇಸಿಗೆಯಲ್ಲೂ ಕತ್ತಲಾದ ಮೇಲೆ ಗಾಳಿ ಕೊರೆಯುತ್ತದೆ, ಸ್ವೆಟರ್ ಇರಲಿ. ವಾರ್ಫಿನ ಮೇಲಿಂದ ದಡದ ಕಡೆಗೆ ತಿರುಗಿ ನಿಂತರೆ ಕಪ್ಪು ನೀರಿನಾಚೆ ಬೋರ್ಡ್‌ವಾಕಿನ ದೀಪಗಳು ಸಾಲಾಗಿ ಹತ್ತಿಕೊಳ್ಳುತ್ತವೆ. ಚಿತ್ರದ ಆರಂಭದಲ್ಲಿ, ಕಡಲ ಮೇಲೆ ಹಾರಿಬಂದವರ ಕಣ್ಣಿಗೆ ಆ ಊರು ಕಂಡದ್ದು ಆ ದಿಕ್ಕಿನಿಂದಲೇ.